ರೋಬೋ ಕೈ ನಡುಗಿದರೆ ಮೊದಲು ವೋಲ್ಟೇಜ್ ಅಳೆಯಿರಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ ಕಡೆಯ ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಮಕ್ಕಳು ಶ್ರಮಪಟ್ಟು ಕಟ್ಟಿದ ರೋಬೋ ಕೈ ತೀರ್ಪುಗಾರರ ಮುಂದೆಯೇ ಗಡಗಡ ನಡುಗುತ್ತದೆ, ಇಲ್ಲವೇ ಅದನ್ನು ನಡೆಸುವ ಪುಟ್ಟ ಕಂಪ್ಯೂಟರಿನಂಥ ಆರ್ಡುಯಿನೊ ಬೋರ್ಡ್ ತಾನಾಗಿ ರೀಸೆಟ್ ಆಗುತ್ತದೆ. ಆಗ ಎಲ್ಲರೂ ಪ್ರೋಗ್ರಾಂ ತಿದ್ದಲು ಕೂರುತ್ತಾರೆ. ದೋಷ ಹೆಚ್ಚಾಗಿ ಇರುವುದು ವಿದ್ಯುತ್ ಪೂರೈಕೆಯಲ್ಲಿ.

ರೋಬೋ ಕೈಯ ಕೀಲುಗಳನ್ನು ಬೇಕಾದ ಕೋನಕ್ಕೆ ತಿರುಗಿಸುವುದು ಸರ್ವೋ ಎಂಬ ಮೋಟರ್. ಅದರ ಒಳಗೆ ಪುಟ್ಟ ಡಿ.ಸಿ. ಮೋಟರ್, ಗೇರ್‌ಗಳು, ದಂಡ ಎಷ್ಟು ತಿರುಗಿದೆ ಎಂದು ತಿಳಿಸುವ ಪೊಟೆನ್ಶಿಯೋಮೀಟರ್ ಮತ್ತು ಒಂದು ಸರ್ಕ್ಯೂಟ್ ಇರುತ್ತವೆ. ಬೋರ್ಡ್ 20 ಮಿಲಿಸೆಕೆಂಡಿಗೊಮ್ಮೆ ಪಲ್ಸ್ (ಕ್ಷಣಮಾತ್ರದ ವಿದ್ಯುತ್ ಸಂಕೇತ) ಕಳಿಸುತ್ತದೆ. ಪಲ್ಸ್ 1.5 ಮಿಲಿಸೆಕೆಂಡ್ ಇದ್ದರೆ ದಂಡ ನಡುವೆ ನಿಲ್ಲುತ್ತದೆ. 1ರತ್ತ ಇಳಿದರೆ ಒಂದು ಕಡೆಗೆ, 2ರತ್ತ ಏರಿದರೆ ಇನ್ನೊಂದು ಕಡೆಗೆ ಹೊರಳುತ್ತದೆ. ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಅಂತರ ಇಲ್ಲವಾಗುವವರೆಗೆ ಸರ್ಕ್ಯೂಟ್ ಮೋಟರನ್ನು ದೂಡುತ್ತದೆ. ಹಾಗಾಗಿ ಭಾರ ಹಿಡಿದು ಸುಮ್ಮನೆ ನಿಂತಾಗಲೂ ಸರ್ವೋ ಕರೆಂಟ್ ಎಳೆಯುತ್ತಲೇ ಇರುತ್ತದೆ. ಇದನ್ನು ತರಗತಿಯಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಬರೀ 9 ಗ್ರಾಂ ತೂಗುವ ಪುಟ್ಟ ಸರ್ವೋ ಮಾದರಿ ಎಸ್‌ಜಿ90 ಕೂಡ ಸಿಕ್ಕಿಕೊಂಡರೆ ಅರ್ಧ ಆಂಪಿಯರ್ ದಾಟುತ್ತದೆ. ಯುಎಸ್‌ಬಿ ಮೇಲೆ ನಡೆಯುವ ಆರ್ಡುಯಿನೊ ಉನೊ ಬೋರ್ಡಿಗೆ ಸಿಗುವುದೇ ಸುಮಾರು ಅಷ್ಟು. ನಾಲ್ಕು ಸರ್ವೋ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯದೆ ಇನ್ನೇನು? 9 ವೋಲ್ಟಿನ ಚಿಕ್ಕ ಬ್ಯಾಟರಿಯೂ ಪರಿಹಾರವಲ್ಲ: ಅದು ಅಷ್ಟು ಕರೆಂಟ್ ಕೊಡಲಾರದು, ಈ ಸರ್ವೋಗಳಿಗೆ 6 ವೋಲ್ಟ್ ಮೀರಿ ಕೊಡಲೂಬಾರದು.

ನಾಲ್ಕು ಎಸ್‌ಜಿ90ಗಳಿಗೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇರೆಯೇ ಇಡಿ. ಸರ್ವೋದ ಕೆಂಪು ವೈರ್ ಅಡಾಪ್ಟರಿನ ಪ್ಲಸ್‌ಗೆ, ಕಂದು ಮೈನಸ್‌ಗೆ, ಕಿತ್ತಳೆ ಬೋರ್ಡಿನ ಪಿನ್‌ಗೆ. ಅಡಾಪ್ಟರಿನ ಮೈನಸ್ ಮತ್ತು ಬೋರ್ಡಿನ ಗ್ರೌಂಡ್ ಕೂಡಿಸಲೇಬೇಕು. ಇದು ತಪ್ಪಿದರೆ ಸರ್ವೋ ಮನಬಂದಂತೆ ತಿರುಗುತ್ತದೆ. ವೋಲ್ಟೇಜ್ ಥಟ್ಟನೆ ಕುಸಿಯದಂತೆ ಸರ್ವೋಗಳ ಹತ್ತಿರ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಅದರ ಪ್ಲಸ್-ಮೈನಸ್ ಅದಲುಬದಲಾಗದಿರಲಿ.

ಇನ್ನು ಭಾರ. ಎಸ್‌ಜಿ90ಯ ಟಾರ್ಕ್ (ತಿರುಗಿಸುವ ಬಲ) 1.8 ಕೆ.ಜಿ.-ಸೆಂ.ಮೀ. ಅಂದರೆ 10 ಸೆಂ.ಮೀ. ದೂರದಲ್ಲಿ 180 ಗ್ರಾಂಗೆ ಅದು ಸೋತು ನಿಲ್ಲುತ್ತದೆ. ಕೈಯ ಸ್ವಂತ ತೂಕವನ್ನೂ ಸೇರಿಸಿ 60 ಗ್ರಾಂ ಲೆಕ್ಕ ಹಿಡಿಯುವುದೇ ಕ್ಷೇಮ. ಭುಜಕ್ಕೆ ಲೋಹದ ಗೇರ್ ಇರುವ ದೊಡ್ಡ ಸರ್ವೋ ಎಂಜಿ996ಆರ್ ಬಳಸಿ. ಆಗ ಅಡಾಪ್ಟರೂ ದೊಡ್ಡದಾಗಲಿ, ಅದೊಂದೇ 2.5 ಆಂಪಿಯರ್‌ವರೆಗೆ ಎಳೆಯಬಲ್ಲದು. 0, 180 ಡಿಗ್ರಿಯ ತುದಿಗಳಲ್ಲಿ ಗುಂಯ್‌ಗುಟ್ಟಿದರೆ ಕೋನವನ್ನು 10ರಿಂದ 170ಕ್ಕೆ ಮಿತಿಗೊಳಿಸಿ, ಇಲ್ಲದಿದ್ದರೆ ಮೋಟರ್ ಸುಟ್ಟೀತು.

ಅಟಲ್ ಟಿಂಕರಿಂಗ್ ಲ್ಯಾಬ್ (ಕೇಂದ್ರ ಸರ್ಕಾರದ ಯೋಜನೆಯ ಪ್ರಯೋಗಾಲಯ) ಇರುವ ಶಾಲೆಗಳು ಇನ್ನಷ್ಟು ಸರ್ವೋ ಕೊಳ್ಳುವ ಮೊದಲು ಒಳ್ಳೆಯ ಅಡಾಪ್ಟರ್, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೊಳ್ಳಲಿ. ಕೈ ಭಾರ ಎತ್ತುವಾಗ ಸರ್ವೋ ಬಳಿ ಎಷ್ಟು ವೋಲ್ಟ್ ಇದೆ ಎಂದು ತೀರ್ಪುಗಾರರೂ ಮಕ್ಕಳನ್ನು ಕೇಳಲಿ.

– ರೋಬೋಟಿಕ್ಸ್ ತರಬೇತುದಾರರು, ಮಂಡ್ಯ