ಅದಿರು ಅಗೆದವರು, ಲೋಹ ಬೇರ್ಪಡಿಸಿದವರು

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕ ಮತ್ತು ಚೀನಾದ ನಡುವಣ ವಾಣಿಜ್ಯ ಕಲಹದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ವರದಿ, ಸಂಪಾದಕೀಯಗಳನ್ನು ನಾನು ತಪ್ಪದೆ ಓದುತ್ತೇನೆ. 2025ರ ಏಪ್ರಿಲ್‌ನಲ್ಲಿ ಚೀನಾದ ಸರಕಿನ ಮೇಲೆ ಶೇ 34ರಷ್ಟು ಹೊಸ ಸುಂಕ ಘೋಷಣೆಯಾದದ್ದು, ಕೆಲವೇ ದಿನಗಳಲ್ಲಿ ಒಟ್ಟು ಸುಂಕ ಶೇ 145ಕ್ಕೆ ಏರಿದ್ದು, ಚೀನಾ ಶೇ 125ರ ಸುಂಕದಿಂದ ಉತ್ತರ ಕೊಟ್ಟದ್ದು, ಮೇ 12ರಂದು ಜಿನೀವಾದಲ್ಲಿ ಎರಡೂ ಕಡೆಯವರು ಕ್ರಮವಾಗಿ ಶೇ 30 ಮತ್ತು ಶೇ 10ಕ್ಕೆ ಇಳಿದದ್ದು ಎಲ್ಲವೂ ಕುಸ್ತಿ ಅಖಾಡದ ಸುದ್ದಿಯಂತೆ ನಮಗೆ ತಲುಪಿವೆ. ಆದರೆ ಅಷ್ಟು ದೊಡ್ಡ ಸುಂಕ ಹೇರಿದ ದೇಶ ಒಂದು ತಿಂಗಳು ಚಿಲ್ಲರೆ ದಿನಗಳಲ್ಲಿ ಏಕೆ ಹಿಂದೆ ಸರಿಯಿತು ಎಂಬ ಪ್ರಶ್ನೆಗೆ ಈ ವರದಿಗಳಲ್ಲಿ ಸಿಗುವ ಉತ್ತರ ಅರ್ಧ ಮಾತ್ರ. ಷೇರುಪೇಟೆ ಮತ್ತು ಬಾಂಡ್ ಪೇಟೆ ತಲ್ಲಣಿಸಿದ್ದು ನಿಜ. ಉಳಿದರ್ಧ ಕಾರಣ ಹಿಡಿಯಷ್ಟು ಲೋಹದ ಪುಡಿಯಲ್ಲಿದೆ. ಅದನ್ನು ಕುರಿತು ಬರೆಯಲು ಈ ಪತ್ರ.

ನಾನು ಲೋಹಶಾಸ್ತ್ರ ಕಲಿಸಿ ನಿವೃತ್ತನಾದವನು. ರೇರ್ ಅರ್ಥ್ ಎಂದು ಕರೆಯುವ ಹದಿನೇಳು ವಿರಳ ಭೂಧಾತುಗಳ ಪಾಠ ಬಂದಾಗ ವಿದ್ಯಾರ್ಥಿಗಳು ಆಕಳಿಸುತ್ತಿದ್ದರು, ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುವುದೂ ಅಪರೂಪವಾಗಿತ್ತು. ಹೆಸರಿನಲ್ಲಿ ವಿರಳ ಎಂದಿದ್ದರೂ ಇವು ಭೂಮಿಯಲ್ಲಿ ಅಷ್ಟೇನೂ ವಿರಳವಲ್ಲ. ತೊಂದರೆ ಇರುವುದು ಅವುಗಳ ಗುಣದಲ್ಲಿ: ಒಂದೇ ಅದಿರಿನಲ್ಲಿ ಬೆರೆತಿರುವ ಈ ಧಾತುಗಳು ರಾಸಾಯನಿಕವಾಗಿ ಅವಳಿ ಮಕ್ಕಳಂತಿದ್ದು, ಒಂದನ್ನು ಇನ್ನೊಂದರಿಂದ ಬಿಡಿಸಬೇಕಾದರೆ ದ್ರಾವಕದ ತೊಟ್ಟಿಗಳ ಸಾಲಿನಲ್ಲಿ ನೂರಾರು ಹಂತಗಳನ್ನು ದಾಟಿಸಬೇಕಾಗುತ್ತದೆ, ಹಾಗೆ ಬಿಡಿಸುವಾಗ ಆಮ್ಲದ ಕೊಳೆಯೂ, ಹಲವು ಅದಿರುಗಳಲ್ಲಿ ವಿಕಿರಣ ಸೂಸುವ ಥೋರಿಯಂ ಶೇಷವೂ ಉಳಿಯುತ್ತದೆ. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡುವ ಆಯಸ್ಕಾಂತಕ್ಕೆ ಸ್ವಲ್ಪ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಬೆರೆಸಿದರೆ, ಮೋಟಾರು ಕಾದು ಬಿಸಿಯಾದಾಗಲೂ ಅದರ ಸೆಳೆತ ಕುಂದುವುದಿಲ್ಲ. ವಿದ್ಯುತ್ ಸ್ಕೂಟರಿನ ಮೋಟಾರು, ಕಾರಿನ ಪವರ್ ಸ್ಟಿಯರಿಂಗ್, ಗಾಳಿಯಂತ್ರ, ಕ್ಷಿಪಣಿಯ ರೆಕ್ಕೆಯನ್ನು ತಿರುಗಿಸುವ ಸಾಧನ, ಇವೆಲ್ಲಕ್ಕೂ ಅದೇ ಬೇಕು. ಅಮೆರಿಕದ ಒಂದು ಎಫ್-35 ಯುದ್ಧವಿಮಾನದಲ್ಲಿ ಸುಮಾರು 400 ಕಿಲೋ ವಿರಳ ಭೂಧಾತುಗಳಿವೆ.

ಈ ಆಯಸ್ಕಾಂತ ಚೀನಾದ ಸಂಶೋಧನೆಯಲ್ಲ. 1980ರ ದಶಕದ ಆರಂಭದಲ್ಲಿ ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು. ಜನರಲ್ ಮೋಟಾರ್ಸ್ ಇದಕ್ಕಾಗಿಯೇ ಕಟ್ಟಿದ ಮ್ಯಾಗ್ನೆಕ್ವೆಂಚ್ ಎಂಬ ಸಂಸ್ಥೆಯನ್ನು 1995ರಲ್ಲಿ ಚೀನೀ ಕಂಪನಿಗಳೂ ಪಾಲುದಾರರಾಗಿದ್ದ ಕೂಟಕ್ಕೆ ಮಾರಿತು, ಕೆಲವು ವರ್ಷಗಳಲ್ಲಿ ಇಂಡಿಯಾನಾದ ಕಾರ್ಖಾನೆ ಮುಚ್ಚಿ ಕೆಲಸವೆಲ್ಲ ಚೀನಾಕ್ಕೆ ಹೋಯಿತು. ಒಂದು ಕಾಲಕ್ಕೆ ಜಗತ್ತಿಗೇ ಈ ಧಾತುಗಳನ್ನು ಒದಗಿಸುತ್ತಿದ್ದ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯ ಮಾಲೀಕ ಕಂಪನಿ 2015ರಲ್ಲಿ ದಿವಾಳಿ ಎದ್ದಿತು. ಅಗ್ಗವಾಗಿ ಸಿಗುವುದನ್ನು ಕೊಳೆಯ ಕಷ್ಟ ಪಟ್ಟು ನಾವೇಕೆ ಮಾಡಬೇಕು ಎಂಬುದು ಆಗಿನ ಲೆಕ್ಕಾಚಾರ, ಮತ್ತು ಲಾಭ ನಷ್ಟದ ಪುಸ್ತಕದಲ್ಲಿ ಅದು ತಪ್ಪೂ ಆಗಿರಲಿಲ್ಲ. ಚೀನಾದ ಒಳಮಂಗೋಲಿಯಾದ ಬಾವೊಟೌ ನಗರದ ಹೊರವಲಯದಲ್ಲಿ ಆ ಕೊಳೆ ಈಗ ದೊಡ್ಡ ಕೆರೆಯಾಗಿ ನಿಂತಿದೆ. ಅದರ ಪ್ರತಿಫಲವಾಗಿ ಜಗತ್ತಿನ ವಿರಳ ಭೂಧಾತು ಶುದ್ಧೀಕರಣದ ಸುಮಾರು ಶೇ 90ರಷ್ಟು, ಆಯಸ್ಕಾಂತ ತಯಾರಿಕೆಯ ಅಷ್ಟೇ ದೊಡ್ಡ ಪಾಲು ಚೀನಾದ ಕೈಯಲ್ಲಿದೆ.

ಎಚ್ಚರಿಕೆಯ ಗಂಟೆ ಬಾರಿಸಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಸೆಂಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕಾ ದೋಣಿಯೊಂದರ ನಾಯಕನನ್ನು ಜಪಾನ್ ಬಂಧಿಸಿದಾಗ, ಜಪಾನಿಗೆ ಹೋಗುತ್ತಿದ್ದ ವಿರಳ ಭೂಧಾತುಗಳ ಸಾಗಣೆ ನಿಂತುಹೋಯಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ನಡೆದು 2014ರಲ್ಲಿ ಚೀನಾದ ರಫ್ತು ನಿರ್ಬಂಧಗಳ ವಿರುದ್ಧ ತೀರ್ಪೂ ಬಂತು. ಜಪಾನ್ ತೀರ್ಪನ್ನು ನಂಬಿ ಕೂರದೆ ಆಸ್ಟ್ರೇಲಿಯಾದ ಲೈನಾಸ್ ಕಂಪನಿಗೆ ಹಣ ಹೂಡಿತು, ದಾಸ್ತಾನು ಮಾಡಿತು, ಡಿಸ್ಪ್ರೋಸಿಯಂ ಕಡಿಮೆ ಬೇಡುವ ಆಯಸ್ಕಾಂತಗಳನ್ನು ರೂಪಿಸಿತು. ಇಷ್ಟೆಲ್ಲ ಮಾಡಿಯೂ ಹದಿನೈದು ವರ್ಷಗಳಲ್ಲಿ ಅದರ ಅವಲಂಬನೆ ಶೇ 90ರ ಆಸುಪಾಸಿನಿಂದ ಶೇ 60ರ ಆಸುಪಾಸಿಗೆ ಇಳಿದಿದೆ, ಅಷ್ಟೇ. ಜಪಾನಿನಷ್ಟು ಶಿಸ್ತಿನ ದೇಶಕ್ಕೇ ಇಷ್ಟು ಕಾಲ ಹಿಡಿದಿರುವಾಗ, ಎರಡು ವರ್ಷದಲ್ಲಿ ಸ್ವಾವಲಂಬಿಯಾಗುತ್ತೇವೆ ಎನ್ನುವ ಯಾವ ದೇಶದ ಮಂತ್ರಿಯ ಭಾಷಣವನ್ನೂ ನಾನು ಪೂರ್ತಿ ಕೇಳುವುದಿಲ್ಲ.

2025ರ ಏಪ್ರಿಲ್ 4ರಂದು, ಅಂದರೆ ಅಮೆರಿಕದ ಸುಂಕ ಘೋಷಣೆಯಾದ ಎರಡನೆಯ ದಿನ, ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಸೇರಿದಂತೆ ಏಳು ಧಾತುಗಳು ಮತ್ತು ಅವುಗಳಿಂದ ಮಾಡಿದ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಎಂದು ಚೀನಾ ಪ್ರಕಟಿಸಿತು. ನಿಷೇಧ ಎಂಬ ಪದವನ್ನು ಅದು ಎಲ್ಲಿಯೂ ಬಳಸಲಿಲ್ಲ. ಅರ್ಜಿ ಹಾಕಿ, ಪರಿಶೀಲಿಸುತ್ತೇವೆ ಎಂದಿತು. ಮೇ ತಿಂಗಳಲ್ಲಿ ಶಿಕಾಗೊದ ಫೋರ್ಡ್ ಕಾರ್ಖಾನೆ ಒಂದು ವಾರ ಕೆಲಸ ನಿಲ್ಲಿಸಿತು, ಜಪಾನಿನಲ್ಲಿ ಸುಜುಕಿ ತನ್ನ ಸ್ವಿಫ್ಟ್ ಕಾರಿನ ತಯಾರಿಕೆಗೆ ತಡೆ ಹಾಕಬೇಕಾಯಿತು. ನಮ್ಮ ವಾಹನ ಕಂಪನಿಗಳು ಈ ಆಯಸ್ಕಾಂತವನ್ನು ಸೇನಾ ಕೆಲಸಕ್ಕೆ ಬಳಸುವುದಿಲ್ಲ ಎಂದು ಅಂತಿಮ ಬಳಕೆಯ ಪ್ರಮಾಣಪತ್ರ ಬರೆದು, ಸರ್ಕಾರದ ಮುದ್ರೆ ಹಾಕಿಸಿ, ಬೀಜಿಂಗ್‌ನ ಉತ್ತರಕ್ಕೆ ತಿಂಗಳುಗಟ್ಟಲೆ ಕಾದವು. 1991ಕ್ಕೆ ಮುಂಚಿನ ಲೈಸೆನ್ಸ್ ರಾಜ್ಯವನ್ನು ಕಂಡ ನನ್ನ ವಯಸ್ಸಿನವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಇಲ್ಲ ಎನ್ನದೆ, ಕೊಡಲೂ ಕೊಡದೆ, ಕಡತವನ್ನು ಮೇಜಿನ ಮೇಲೆ ಇಟ್ಟುಕೊಳ್ಳುವವನ ಬಲ ಏನೆಂಬುದು ಆ ಕಾಲದಲ್ಲಿ ಒಂದು ಲೇತ್ ಯಂತ್ರದ ಬಿಡಿಭಾಗ ತರಿಸಿಕೊಳ್ಳಲು ಅಲೆದವರಿಗೆಲ್ಲ ಗೊತ್ತಿದೆ.

ಆದರೆ ಈ ವಿದ್ಯೆಯನ್ನು ಚೀನಾ ಕಲಿತದ್ದು ಯಾರಿಂದ ಎಂಬುದನ್ನೂ ಹೇಳದಿದ್ದರೆ ಪಕ್ಷಪಾತವಾದೀತು. 2019ರ ಮೇ ತಿಂಗಳಲ್ಲಿ ಚೀನಾದ ದೂರಸಂಪರ್ಕ ಕಂಪನಿ ಹುವಾವೇಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದ್ದು ಅಮೆರಿಕ. 2022ರ ಅಕ್ಟೋಬರ್ 7ರಂದು ಮುಂದುವರಿದ ಚಿಪ್‌ಗಳು ಮತ್ತು ಅವುಗಳನ್ನು ಮಾಡುವ ಯಂತ್ರಗಳು ಚೀನಾಕ್ಕೆ ಹೋಗದಂತೆ ಬಿಗಿ ಮಾಡಿದ್ದೂ ಅಮೆರಿಕವೇ. ಅಮೆರಿಕದ ತಂತ್ರಜ್ಞಾನ ಬಳಸಿ ಬೇರೆ ದೇಶದಲ್ಲಿ ಮಾಡಿದ ವಸ್ತುವಿಗೂ ತನ್ನ ಅಪ್ಪಣೆ ಬೇಕು ಎಂಬ ನಿಯಮವನ್ನು ಅದು ಆಗಲೇ ಬಳಕೆಗೆ ತಂದಿತ್ತು. 2025ರ ಅಕ್ಟೋಬರ್ 9ರಂದು ಚೀನಾ ಇನ್ನೂ ಐದು ಧಾತುಗಳನ್ನು ಪಟ್ಟಿಗೆ ಸೇರಿಸಿ, ವಿದೇಶದಲ್ಲಿ ತಯಾರಾದ ವಸ್ತುವಿನ ಮೌಲ್ಯದಲ್ಲಿ ಶೇ 0.1ರಷ್ಟು ಚೀನೀ ವಿರಳ ಭೂಧಾತು ಇದ್ದರೂ ತನ್ನ ಪರವಾನಗಿ ಬೇಕು ಎಂದದ್ದು ಅದೇ ನಿಯಮದ ಕನ್ನಡಿ ಪ್ರತಿ. ನಡುವೆ ಸಿಕ್ಕವರ ಪಾಡು ನೋಡಬೇಕಾದರೆ ನೆದರ್ಲೆಂಡ್ಸಿನ ನೆಕ್ಸ್‌ಪೀರಿಯಾ ಪ್ರಕರಣವಿದೆ. ಚೀನೀ ಒಡೆತನದ ಈ ಚಿಪ್ ಕಂಪನಿಯ ನಿಯಂತ್ರಣವನ್ನು ಡಚ್ ಸರ್ಕಾರ 2025ರ ಸೆಪ್ಟೆಂಬರ್ ಕೊನೆಯಲ್ಲಿ 1952ರ ಹಳೆಯ ಕಾಯ್ದೆಯೊಂದನ್ನು ಹುಡುಕಿ ತೆಗೆದು ತನ್ನ ಕೈಗೆ ತೆಗೆದುಕೊಂಡಿತು. ಕೆಲವೇ ದಿನಗಳಲ್ಲಿ ಚೀನಾ ಆ ಕಂಪನಿಯ ಚಿಪ್‌ಗಳ ರಫ್ತನ್ನು ತಡೆಯಿತು. ಒಂದೊಂದು ಕೆಲವು ರೂಪಾಯಿಯೂ ಬಾಳದ ಆ ಬಿಡಿಭಾಗಗಳಿಲ್ಲದೆ ಯುರೋಪಿನ ಕಾರು ಕಂಪನಿಗಳು ಕಂಗಾಲಾದವು. ನವೆಂಬರ್‌ನಲ್ಲಿ ಡಚ್ ಸರ್ಕಾರ ತನ್ನ ಆದೇಶವನ್ನು ಅಮಾನತಿನಲ್ಲಿಟ್ಟಿತು.

ಇಬ್ಬರೂ ಕೊನೆಯ ತನಕ ಹೋಗದೆ ಇರುವುದಕ್ಕೆ ಸೌಜನ್ಯ ಕಾರಣವಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಸಾಲ 2025ರ ಅಕ್ಟೋಬರ್‌ನಲ್ಲಿ 38 ಲಕ್ಷ ಕೋಟಿ ಡಾಲರ್ ದಾಟಿದೆ, ಬಡ್ಡಿಗೆ ಹೋಗುವ ಹಣ ರಕ್ಷಣಾ ವೆಚ್ಚವನ್ನು ಮೀರಿದೆ, ಅದೇ ವರ್ಷದ ಮೇ ತಿಂಗಳಲ್ಲಿ ಸಾಲ ತೀರಿಸುವ ಅರ್ಹತೆಯನ್ನು ಅಳೆಯುವ ಮೂಡೀಸ್ ಸಂಸ್ಥೆ ಅದರ ಅತ್ಯುನ್ನತ ಸಾಲ ಶ್ರೇಣಿಯನ್ನು ಕಿತ್ತುಕೊಂಡಿತು. ಸೆಪ್ಟೆಂಬರ್‌ನಲ್ಲಿ ಚೀನಾ ಅಮೆರಿಕದಿಂದ ಒಂದು ಕಾಳು ಸೋಯಾಬೀನ್ ಕೂಡ ತರಿಸಿಕೊಳ್ಳಲಿಲ್ಲ. ಅಮೆರಿಕದ ರೈತರ ಕಣಜ ತುಂಬಿತ್ತು, ಚೀನಾದ ಹಡಗುಗಳು ಬ್ರೆಜಿಲ್‌ಗೆ ತಿರುಗಿದ್ದವು. ಚೀನಾದ ಒಳಮನೆಯೂ ನೆಟ್ಟಗಿಲ್ಲ. ಎವರ್‌ಗ್ರಾಂಡ್‌ನಂತಹ ದೊಡ್ಡ ಗೃಹನಿರ್ಮಾಣ ಕಂಪನಿಯನ್ನು ಬರಖಾಸ್ತು ಮಾಡುವಂತೆ 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಆದೇಶಿಸಿದ ಮೇಲೂ ಅಲ್ಲಿನ ಮನೆ ನಿವೇಶನಗಳ ವ್ಯವಹಾರ ಚೇತರಿಸಿಕೊಂಡಿಲ್ಲ, 2022ರಿಂದ ಜನಸಂಖ್ಯೆ ಇಳಿಯುತ್ತಿದೆ, ಮನೆಯವರು ಖರ್ಚು ಮಾಡಲು ಹಿಂಜರಿಯುತ್ತಿರುವುದರಿಂದ ಕಾರ್ಖಾನೆಗಳು ಮಾಡಿದ್ದೆಲ್ಲ ಹೊರಗೆ ಮಾರಾಟವಾಗಲೇಬೇಕು. 2025ರ ಮೊದಲ ಹನ್ನೊಂದು ತಿಂಗಳಲ್ಲೇ ಅದರ ವ್ಯಾಪಾರ ಹೆಚ್ಚುವರಿ, ಅಂದರೆ ಆಮದನ್ನು ಮೀರಿದ ರಫ್ತು, ಒಂದು ಲಕ್ಷ ಕೋಟಿ ಡಾಲರ್ ದಾಟಿದ್ದನ್ನು ಶಕ್ತಿಯ ಗುರುತೆಂದು ನಿಮ್ಮ ಅಂಕಣಕಾರರು ಓದುತ್ತಾರೆ. ನನಗೆ ಅದರಲ್ಲಿ ಕೊಳ್ಳುವವರನ್ನು ಕಳೆದುಕೊಳ್ಳಲಾಗದ ಅಂಗಡಿಕಾರನ ಕಷ್ಟವೂ ಕಾಣುತ್ತದೆ.

ಹೀಗಾಗಿ 2025ರ ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾಗಿ ಒಂದು ವರ್ಷದ ಕದನವಿರಾಮ ಮಾಡಿಕೊಂಡರು. ಅಕ್ಟೋಬರ್ 9ರ ನಿಯಮಗಳನ್ನು ಚೀನಾ ಒಂದು ವರ್ಷ ಮುಂದೂಡಿತು. ಫೆಂಟನಿಲ್ ಮಾದಕವಸ್ತುವಿನ ಹೆಸರಿನಲ್ಲಿ ಹೇರಿದ್ದ ಸುಂಕವನ್ನು ಅಮೆರಿಕ ಶೇ 20ರಿಂದ 10ಕ್ಕೆ ಇಳಿಸಿತು. ಮುಂದಿನ ಮೂರು ವರ್ಷ ಪ್ರತಿವರ್ಷ 2.5 ಕೋಟಿ ಟನ್ ಸೋಯಾಬೀನ್ ಕೊಳ್ಳಲು ಚೀನಾ ಒಪ್ಪಿದೆ ಎಂದು ಅಮೆರಿಕ ಪ್ರಕಟಿಸಿತು. ಏಪ್ರಿಲ್ 4ರ ಮೂಲ ಪರವಾನಗಿ ಪದ್ಧತಿ ಮಾತ್ರ ಕಾನೂನಿನ ಪುಸ್ತಕದಲ್ಲಿ ಹಾಗೆಯೇ ಇದೆ.

ಈ ನಡುವೆ ಅಮೆರಿಕ ಮಾಡಿದ ಒಂದು ಕೆಲಸ ನನಗೆ ನಗು ತರಿಸಿತು. 2025ರ ಜುಲೈನಲ್ಲಿ ಅದರ ರಕ್ಷಣಾ ಇಲಾಖೆ ಮೌಂಟನ್ ಪಾಸ್ ಗಣಿಯನ್ನು ಈಗ ನಡೆಸುತ್ತಿರುವ ಎಂಪಿ ಮೆಟೀರಿಯಲ್ಸ್ ಕಂಪನಿಯ ಅತಿದೊಡ್ಡ ಷೇರುದಾರನಾಗಲು ಒಪ್ಪಂದ ಮಾಡಿಕೊಂಡು, ಅದು ಉತ್ಪಾದಿಸುವ ನಿಯೋಡಿಮಿಯಂ ಮತ್ತು ಪ್ರಸಿಯೋಡಿಮಿಯಂ ಮಿಶ್ರಣಕ್ಕೆ ಹತ್ತು ವರ್ಷಗಳ ಮಟ್ಟಿಗೆ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆಯ ಖಾತರಿ ಕೊಟ್ಟಿತು. ನಮ್ಮ ಹಳ್ಳಿಯ ಭಾಷೆಯಲ್ಲಿ ಇದಕ್ಕೆ ಬೆಂಬಲ ಬೆಲೆ ಎನ್ನುತ್ತಾರೆ. ಭಾರತ ತನ್ನ ಗೋಧಿ ಮತ್ತು ಭತ್ತಕ್ಕೆ ಮಿತಿಮೀರಿ ಬೆಂಬಲ ನೀಡುತ್ತಿದೆ ಎಂದು 2018ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಆಕ್ಷೇಪ ಸಲ್ಲಿಸಿದ್ದು ಇದೇ ಅಮೆರಿಕ.

ಇನ್ನು ನಮ್ಮ ಪಾಲಿನ ಮಾತು. ನಾನಿರುವ ಹೊಸಪೇಟೆಯಲ್ಲಿ ಈ ಶತಮಾನದ ಮೊದಲ ದಶಕವನ್ನು ಕಂಡವರಿಗೆ ಚೀನಾದ ಹಸಿವು ಎಂದರೇನೆಂದು ಬೇರೆ ವಿವರಿಸಬೇಕಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿದಾಗ ಸಂಡೂರು, ಬಳ್ಳಾರಿಯ ಗುಡ್ಡಗಳನ್ನು ಹಗಲಿರುಳು ಬಗೆದು, ಸಾಲುಗಟ್ಟಿದ ಲಾರಿಗಳಲ್ಲಿ ಬೇಲೆಕೇರಿ, ಮಂಗಳೂರು ಬಂದರುಗಳಿಗೆ ಸಾಗಿಸಲಾಯಿತು. ಮರದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾಗಿದ್ದವು. ಲೋಕಾಯುಕ್ತ ವರದಿ, 2011ರ ಸುಪ್ರೀಂ ಕೋರ್ಟ್ ಆದೇಶಗಳ ಕಥೆ ಕನ್ನಡಿಗರಿಗೆ ಗೊತ್ತಿರುವುದೇ. ಅಂದಿನ ಚರ್ಚೆ ಅಕ್ರಮ ಗಣಿಗಾರಿಕೆ ಮತ್ತು ಗಣಿ ಧಣಿಗಳ ಸುತ್ತಲೇ ಸುತ್ತಿತು, ಅದು ಸುತ್ತಬೇಕಾದದ್ದೂ ಹೌದು. ಆದರೆ ಸಕ್ರಮವಾಗಿ ಹೋದ ಅದಿರೂ ಉಕ್ಕಾಗದೆ ಪುಡಿಯಾಗಿಯೇ ಹೋಯಿತು ಎಂಬುದು ಆ ಗದ್ದಲದಲ್ಲಿ ಮರೆಯಾಯಿತು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆ ಎಂಬ ಸುದ್ದಿ ಬಂದಾಗ ನಾವು ಪಟ್ಟ ಸಂಭ್ರಮದಲ್ಲೂ ಅದನ್ನು ಬೇರ್ಪಡಿಸುವ ಕಾರ್ಖಾನೆಯ ಪ್ರಶ್ನೆಯನ್ನು ಎತ್ತಿದವರು ಕಡಿಮೆ.

ವಿರಳ ಭೂಧಾತುಗಳಲ್ಲಿ ನಮ್ಮ ಸ್ಥಿತಿ ಇದಕ್ಕಿಂತ ವಿಚಿತ್ರವಾಗಿದೆ. ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆಯ ಪ್ರಕಾರ ಭಾರತದಲ್ಲಿ 69 ಲಕ್ಷ ಟನ್ ನಿಕ್ಷೇಪವಿದೆ, ಅಂದರೆ ನಾವು ಜಗತ್ತಿನ ಮೊದಲ ಸಾಲಿನ ದೇಶಗಳಲ್ಲಿದ್ದೇವೆ. ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿದ್ದು 1950ರಲ್ಲಿ, ಚೀನಾ ಈ ಕ್ಷೇತ್ರಕ್ಕೆ ಕಾಲಿಡುವುದಕ್ಕೆ ಎಷ್ಟೋ ಮೊದಲು. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯಲ್ಲಿ ಈ ಧಾತುಗಳಿರುವ ಮೊನಜೈಟ್ ಮರಳಿನಲ್ಲಿ ವಿಕಿರಣ ಸೂಸುವ ಥೋರಿಯಂ ಕೂಡ ಇರುವುದರಿಂದ ಅದು ಅಣುಶಕ್ತಿ ಇಲಾಖೆಯ ಬೇಲಿಯೊಳಗೆ ಉಳಿಯಿತು, ಉತ್ಪಾದನೆ ವರ್ಷಕ್ಕೆ 2,900 ಟನ್ ಆಸುಪಾಸಿನಲ್ಲಿ ನಿಂತಿತು. ಆಯಸ್ಕಾಂತದ ಕೊರತೆ ಕಾಣಿಸಿಕೊಂಡ ಮೇಲೆ, 2025ರ ನವೆಂಬರ್‌ನಲ್ಲಿ, ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಸುವ 7,280 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಹಳೆಯ ಮೇಷ್ಟರ ಚಟದಿಂದ ಒಂದು ಲೆಕ್ಕ ಹಾಕಿದೆ. ಇಂತಹ ಆಯಸ್ಕಾಂತದ ತೂಕದಲ್ಲಿ ಸುಮಾರು ಶೇ 30ರಷ್ಟು ನಿಯೋಡಿಮಿಯಂ ಮತ್ತು ಪ್ರಸಿಯೋಡಿಮಿಯಂ ಇರಬೇಕು, ಅಂದರೆ 6,000 ಟನ್ನಿಗೆ 1,800 ಟನ್. ನಮ್ಮ ಮೊನಜೈಟ್‌ನಿಂದ ಬರುವ ಧಾತುಗಳಲ್ಲಿ ಹೆಚ್ಚಿನ ಪಾಲು ಸೀರಿಯಂ ಮತ್ತು ಲ್ಯಾಂಥನಂ, ಬೇಕಾದ ಈ ಎರಡು ಸೇರಿ ಐದರಲ್ಲಿ ಒಂದು ಪಾಲು ಎಂದಿಟ್ಟುಕೊಂಡರೂ 2,900 ಟನ್ನಿನಲ್ಲಿ ಆರುನೂರು ಟನ್ ಸಿಗುವುದು ಕಷ್ಟ. ಬಿಸಿ ತಾಳುವ ಗುಣ ಕೊಡುವ ಡಿಸ್ಪ್ರೋಸಿಯಂ ಮತ್ತು ಟರ್ಬಿಯಂ ಅಂತೂ ನಮ್ಮ ಮರಳಿನಲ್ಲಿ ತೆಗೆಯಲು ಗಿಟ್ಟುವಷ್ಟು ಪ್ರಮಾಣದಲ್ಲಿ ಇಲ್ಲ. ಚೀನಾ ಪರವಾನಗಿಗೆ ಒಳಪಡಿಸಿದ ಮೊದಲ ಏಳರ ಪಟ್ಟಿಯಲ್ಲಿ ಅವೆರಡೂ ಇವೆ. ಅವಿರಲಿ, ಬೇಕಾದ 1,800 ಟನ್ನಿನಲ್ಲಿ ಉಳಿದ 1,200 ಟನ್ ಯಾವ ದೇಶದಿಂದ, ಯಾರ ಮುದ್ರೆ ಬಿದ್ದ ಕಾಗದದ ಮೇಲೆ ಬರಲಿದೆ ಎಂಬುದನ್ನು ನಿಮ್ಮ ದೆಹಲಿ ವರದಿಗಾರರು ಗಣಿ ಸಚಿವಾಲಯದಲ್ಲಿ ವಿಚಾರಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೋಹಶಾಸ್ತ್ರ ಉಪನ್ಯಾಸಕ,
ಹೊಸಪೇಟೆ