ಸೆಕ್ಷನ್ 8 ವೋಚರ್: ಅಮೆರಿಕದಲ್ಲಿ ಮನೆ ಬಾಡಿಗೆಗೆ ಕೊಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ವೋಚರ್ ಇರುವವರು ಮನೆ ಕೇಳಿದರೆ ಏನು ಮಾಡೋದು ಅಂತ ಗುಂಪಿನಲ್ಲಿ ಆಗಾಗ ಪ್ರಶ್ನೆ ಬರುತ್ತಿದೆ. ಅದಕ್ಕೇ ಈ ಸೂಚನೆ.

ಸೆಕ್ಷನ್ 8 ವೋಚರ್ ಅಂದರೆ ಕಡಿಮೆ ಆದಾಯದವರಿಗೆ ಸಿಗುವ ಬಾಡಿಗೆ ನೆರವು. ದುಡ್ಡು ಫೆಡರಲ್ ಸರ್ಕಾರದ್ದು, ನಡೆಸುವುದು ಆಯಾ ಊರಿನ ಹೌಸಿಂಗ್ ಅಥಾರಿಟಿ, ಅಂದರೆ ಸರ್ಕಾರಿ ವಸತಿ ಸಂಸ್ಥೆ. ಬಾಡಿಗೆದಾರರು ಸಾಮಾನ್ಯವಾಗಿ ಆದಾಯದ ಶೇ. 30ರಷ್ಟು ಕಟ್ಟುತ್ತಾರೆ. ಉಳಿದದ್ದನ್ನು ಒಂದು ಮಿತಿಯವರೆಗೆ ಅಥಾರಿಟಿಯೇ ನೇರವಾಗಿ ನಿಮಗೆ ಕೊಡುತ್ತದೆ. ಲೆಕ್ಕಕ್ಕೆ ಹಿಡಿಯುವ ಆದಾಯ ತಿಂಗಳಿಗೆ 2,000 ಡಾಲರ್, ಬಾಡಿಗೆ 1,500 ಅಂದುಕೊಳ್ಳಿ. ಅವರಿಂದ ಸುಮಾರು 600, ಅಥಾರಿಟಿಯಿಂದ 900.

ಮೊದಲು ಅಥಾರಿಟಿ ಕಡೆಯಿಂದ ಮನೆ ತಪಾಸಣೆ ಆಗಬೇಕು. ಹೊಗೆ ಅಲಾರಂ ಕೂಗುತ್ತಾ, ನಲ್ಲಿಯಲ್ಲಿ ಬಿಸಿನೀರು ಬರುತ್ತಾ, ಮೆಟ್ಟಿಲ ಕಟಕಟೆ ಅಲ್ಲಾಡುತ್ತಾ, ಎಲ್ಲ ನೋಡುತ್ತಾರೆ. ಫೇಲ್ ಆದರೆ ಗಾಬರಿ ಬೇಡ, ರಿಪೇರಿ ಮಾಡಿಸಿ ಮತ್ತೆ ಕರೆಯಿರಿ.

ಒಪ್ಪಂದದ ಬಾಡಿಗೆಗಿಂತ ಒಂದು ಡಾಲರ್ ಕೂಡ ಜಾಸ್ತಿ ಕೈಯಲ್ಲಿ ತಗೋಬೇಡಿ. ಬಾಡಿಗೆದಾರರೇ ಕೊಡ್ತೀನಿ ಅಂದರೂ ಅದು ವಂಚನೆ.

ವೋಚರ್ ಇರುವವರ ಹಿಂದಿನ ಮನೆ ಮಾಲೀಕರನ್ನು ವಿಚಾರಿಸಿ, ಬೇರೆಯವರಿಗೆ ಮಾಡುವ ಹಾಗೇ ಪರಿಶೀಲಿಸಿ, ತಪ್ಪಿಲ್ಲ. ಆದರೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ವೋಚರ್ ಇದೆ ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನುವಂತಿಲ್ಲ. ಜಾಹೀರಾತಿನಲ್ಲಿ ‘ವೋಚರ್‌ನವರು ಬೇಡ’ ಅಂತ ಹಾಕಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ.

ಅವರ ಕಷ್ಟವನ್ನೂ ನೋಡಿ. ಎಷ್ಟೋ ಊರುಗಳಲ್ಲಿ ವರ್ಷಗಟ್ಟಲೆ ಕಾದ ಮೇಲೆ ವೋಚರ್ ಸಿಗುತ್ತದೆ. ಆಮೇಲೆ ಮನೆ ಹುಡುಕಲು ಶುರುವಿನಲ್ಲಿ ಕೆಲವು ಕಡೆ 60 ದಿನ ಮಾತ್ರ ಕೊಡುತ್ತಾರೆ. ಹಾಗಾಗಿ ಹೂಂ ಆಗಲಿ, ಇಲ್ಲ ಆಗಲಿ, ಸುಮ್ನೆ ಕಾಯಿಸದೆ ಬೇಗ ಹೇಳಿಬಿಡಿ.