ಜವಳಿ ತೆಗೆಯೋಕೆ ಪೇಟೆಗೇ ಬಾ

ಪ್ರೀತಿಯ ಗೆಳೆಯಾ,

ಮಗಳ ಮದುವೆ ನಿಶ್ಚಯವಾಗಿದೆ ಎಂದು ನೀನು ಬರೆದದ್ದು ಓದಿ ತುಂಬ ಖುಷಿಯಾಯಿತು. ನಮ್ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆದರೆ ಕೊನೆಗೆ ಒಂದು ಮಾತು ಸೇರಿಸಿದ್ದೀಯಲ್ಲ, ‘ಜವಳಿಗೆ ಚಿಕ್ಕಪೇಟೆ ಗಲಾಟೆ ಬೇಡ ಕಣೋ, ಯಾವುದಾದರೂ ಮಾಲ್‌ನಲ್ಲಿ ಒಂದೇ ದಿನಕ್ಕೆ ಮುಗಿಸೋಣ’ ಅಂತ, ಅದನ್ನು ನಾನು ಒಪ್ಪುವುದಿಲ್ಲ. ನೀನು ಬೆಂಗಳೂರು ಬಿಟ್ಟು ಬಹಳ ಕಾಲವಾಯಿತು. ಪೇಟೆ ಅಂದರೆ ಧೂಳು, ತಳ್ಳುಗಾಡಿ, ನೂಕುನುಗ್ಗಲು ಅಷ್ಟೇ ನಿನ್ನ ನೆನಪಿನಲ್ಲಿ ಉಳಿದಿರಬೇಕು. ಅವೆಲ್ಲ ಈಗಲೂ ಇವೆ. ಆದರೂ ಬಾ ಅನ್ನುತ್ತೇನೆ.

ಮಾಲ್‌ನಲ್ಲಿ ಒಂದು ಅಂಗಡಿಯಲ್ಲಿ ಸೀರೆ ಇಷ್ಟವಾಗದಿದ್ದರೆ ಇನ್ನೊಂದೋ ಎರಡೋ ಅಂಗಡಿ. ಆಮೇಲೆ ಮುಗಿಯಿತು. ಪೇಟೆ ಹಾಗಲ್ಲ. ಇಲ್ಲಿ ಒಂದು ಬೀದಿಗೆ ಒಂದು ವ್ಯಾಪಾರ. ಚಿಕ್ಕಪೇಟೆಯಲ್ಲಿ ರೇಷ್ಮೆ, ಸುಲ್ತಾನ್‌ಪೇಟೆಯಲ್ಲಿ ಕಾಗದ ಮತ್ತು ಮದುವೆ ಕಾರ್ಡು, ನಗರ್ತಪೇಟೆಯಲ್ಲಿ ಚಿನ್ನ ಬೆಳ್ಳಿ ಕೆಲಸ, ಬಳೇಪೇಟೆಯಲ್ಲಿ ವಾದ್ಯಗಳು, ಅವೆನ್ಯೂ ರಸ್ತೆಯಲ್ಲಿ ಪುಸ್ತಕ. ಒಂದೇ ಸಾಮಾನು ಮಾರುವವರು ಅಕ್ಕಪಕ್ಕ ಕೂತಿರುವಾಗ ಯಾರೂ ಬಾಯಿಗೆ ಬಂದ ರೇಟು ಹೇಳೋಕೆ ಆಗುವುದಿಲ್ಲ. ನೀನು ಎರಡು ಮೆಟ್ಟಿಲು ಇಳಿದರೆ ಅವನ ಎದುರಾಳಿ ಅಂಗಡಿ. ಅದೂ ಅಲ್ಲದೆ, ನೀನು ಕೇಳಿದ ಬಣ್ಣ ತನ್ನ ಹತ್ತಿರ ಇಲ್ಲದಿದ್ದರೆ ಅದೇ ಎದುರಾಳಿಯ ಅಂಗಡಿಗೆ ಹುಡುಗನನ್ನು ಓಡಿಸಿ ತರಿಸಿಕೊಡುತ್ತಾನೆ. ಇಬ್ಬರಿಗೂ ಅದರಲ್ಲಿ ಒಂದು ಪಾಲು. ಈ ಹೊಂದಾಣಿಕೆ ಇಂದು ನಿನ್ನೆಯದಲ್ಲ.

ಕೆಂಪೇಗೌಡರು 1537ರಲ್ಲಿ ಊರು ಕಟ್ಟುವಾಗ ದೊಡ್ಡಪೇಟೆ ಚಿಕ್ಕಪೇಟೆ ಕೂಡುವ ಜಾಗದಲ್ಲಿ ನೇಗಿಲಿಗೆ ಎತ್ತು ಕಟ್ಟಿಸಿ ನಾಲ್ಕು ದಿಕ್ಕಿಗೂ ಉಳುಮೆ ಮಾಡಿಸಿದರು, ಆ ಗೆರೆಗಳೇ ಬೀದಿಗಳಾದವು ಅನ್ನುವ ಕಥೆ ನಿನಗೂ ಗೊತ್ತು. ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ, ಹೀಗೆ ಒಂದೊಂದು ಕಸುಬಿಗೆ, ಒಂದೊಂದು ಸಾಮಾನಿಗೆ ಒಂದೊಂದು ಜಾಗ. ಸುತ್ತ ಗೋಡೆ, ಅದರಾಚೆ ಮುಳ್ಳುಪೊದೆಯ ಬೇಲಿ. ಹಲಸೂರು ಗೇಟ್ ಅಂತ ಪೊಲೀಸ್ ಠಾಣೆ ಇದೆಯಲ್ಲ, ಅಲ್ಲಿ ನಿಜವಾಗಲೂ ಒಂದು ಬಾಗಿಲಿತ್ತು. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ನುಗ್ಗಿದ್ದು ಆ ಬಾಗಿಲಿನಿಂದಲೇ. ಪೇಟೆ ಅವತ್ತೇ ಅವರ ಕೈಗೆ ಹೋಯಿತು, ಪಕ್ಕದ ಕೋಟೆ ಮಾರ್ಚ್ 21ಕ್ಕೆ. ಅದಾಗಿ ನೂರು ವರ್ಷ ಕಳೆದ ಮೇಲೆ, 1898ರಲ್ಲಿ ಪ್ಲೇಗು ಬಂತು. ಒತ್ತೊತ್ತಾಗಿದ್ದ ಮನೆಗಳಲ್ಲಿ ಅದು ಬಲುಬೇಗ ಹರಡಿತು. ಅನುಕೂಲ ಇದ್ದವರು ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಹೋದರು. ಮನೆ ಅಲ್ಲಿಗೆ ಹೋಯಿತು, ಅಂಗಡಿ ಮಾತ್ರ ಇಲ್ಲೇ ಉಳಿಯಿತು. ಎಷ್ಟೋ ಮನೆತನಗಳಲ್ಲಿ ಇಂದಿಗೂ ಅದೇ ರೂಢಿ. ಬೆಳಿಗ್ಗೆ ಬಂದು ಬೀಗ ತೆಗೆಯುತ್ತಾರೆ, ರಾತ್ರಿ ಬೀಗ ಹಾಕಿ ಹೋಗುತ್ತಾರೆ.

ಸೀರೆ ಅಂಗಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಬಿಳಿ ಬಟ್ಟೆ ಹಾಸಿದ ಗಾದಿ. ಅತ್ತಿಗೆ, ಮದುವಣಗಿತ್ತಿ ಮಗು, ಬೀಗಿತ್ತಿ ಎಲ್ಲರೂ ಅದರ ಮೇಲೆ ಕೂರಬೇಕು. ಅಂಗಡಿಯವನು ಮೊದಲು ಕೇಳುವುದು ದುಡ್ಡಿನ ಮಾತಲ್ಲ, ‘ಯಾರಿಗೆ? ಧಾರೆಗೋ, ಆರತಕ್ಷತೆಗೋ?’ ಅಂತ. ಆಮೇಲೆ ಒಂದೊಂದೇ ಸೀರೆ ಬಿಚ್ಚುತ್ತಾನೆ. ಮಡಿಕೆಯ ತುದಿ ಹಿಡಿದು ಒಂದು ಸಲ ಕೊಡವಿದರೆ ಸೆರಗು ನೇರವಾಗಿ ಮಗುವಿನ ಮಡಿಲಿಗೆ ಬಂದು ಬೀಳುತ್ತದೆ. ಮುಖ ನೋಡಿಯೇ ಅವನಿಗೆ ಗೊತ್ತಾಗುತ್ತದೆ. ಬೇಡ ಅನ್ನುವ ಮುಂಚೆಯೇ ಮುಂದಿನದಕ್ಕೆ ಕೈ ಹಾಕಿರುತ್ತಾನೆ. ಗಾದಿಯ ತುಂಬ ಸೀರೆ ಬಿದ್ದಿರುತ್ತದೆ, ಆದರೂ ಅವನು ಮುಖ ಗಂಟಿಕ್ಕುವುದಿಲ್ಲ. ಆ ತಾಳ್ಮೆಗೆ ನಾನು ದುಡ್ಡು ಕೊಡುತ್ತೇನೆ ಅಂತಲೇ ಅಂದುಕೊಳ್ಳುತ್ತೇನೆ.

ಅಸಲಿ ರೇಷ್ಮೆಯೋ ಅಲ್ಲವೋ ಎಂಬ ಅನುಮಾನ ಬಂದರೆ ಸಂಕೋಚ ಬೇಡ, ಕೇಳು. ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡು. ನಮ್ಮ ಅಮ್ಮ ಮಾಡುತ್ತಿದ್ದ ಪರೀಕ್ಷೆ ಇನ್ನೂ ಸುಲಭ. ಕುಚ್ಚು ಕಟ್ಟುವ ತುದಿಯಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸುವುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಒಳ್ಳೆಯ ಅಂಗಡಿಯವರು ತಾವೇ ಬೆಂಕಿಪೊಟ್ಟಣ ಕೊಡುತ್ತಾರೆ. ಸೀರೆ ಕೊಂಡ ಮೇಲೆ ಕುಚ್ಚು, ಫಾಲ್, ರವಿಕೆ ಎಲ್ಲಕ್ಕೂ ಅಲ್ಲೇ ಸುತ್ತಮುತ್ತ ಜನ ಇದ್ದಾರೆ. ಬೇರೆಲ್ಲೂ ಅಲೆಯಬೇಕಾಗಿಲ್ಲ.

ಬಳೇಪೇಟೆಗೆ ಹೋಗಲೇಬೇಕು. ಮಗುವಿನ ವೀಣೆ ಶ್ರುತಿಗೆ ನಿಲ್ಲುತ್ತಿಲ್ಲ ಅಂತ ಬರೆದಿದ್ದೆಯಲ್ಲ, ಅದನ್ನು ತೆಗೆದುಕೊಂಡು ಬಾ. ಬಹುಶಃ ಮೇಣ ಹಳೆಯದಾಗಿದೆ. ತಂತಿಯ ಕೆಳಗೆ ಅಡ್ಡಲಾಗಿರುವ 24 ಮೆಟ್ಟಿಲುಗಳೂ ಕೂತಿರುವುದು ಆ ಕರಿ ಮೇಣದ ಮೇಲೆ ಅಲ್ವಾ, ಅದು ಸೆಖೆಗೆ ಮೆತ್ತಗಾದರೆ ಸ್ವರ ಜಾರುತ್ತದೆ. ಹಳೆಯದನ್ನು ಕೆರೆದು ತೆಗೆದು, ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಹೊಸದಾಗಿ ಹಾಕಿ, ಒಂದೊಂದೇ ಮೆಟ್ಟಿಲನ್ನು ಕಿವಿಯಿಂದ ಕೇಳುತ್ತಾ ಕೂರಿಸುತ್ತಾರೆ. ನಾನು ಒಮ್ಮೆ ಪಕ್ಕದಲ್ಲೇ ಕೂತು ನೋಡಿದ್ದೇನೆ. ಹೊರಗೆ ಹಾರ್ನ್ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಆತ ತಂತಿ ಮೀಟಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟಿ, ತಲೆ ಆಡಿಸಿ ಮುಂದಿನದಕ್ಕೆ ಹೋಗುತ್ತಿದ್ದರು. ಅಷ್ಟು ಗದ್ದಲದಲ್ಲಿ ಅವರಿಗೆ ಆ ಸ್ವರ ಹೇಗೆ ಕೇಳುತ್ತಿತ್ತೋ! ಈ ಕೆಲಸ ಬಲ್ಲವರು ಕಮ್ಮಿಯಾಗುತ್ತಿದ್ದಾರೆ. ಅದಕ್ಕೇ ಇರುವಾಗಲೇ ಮಗುವಿಗೆ ತೋರಿಸು ಅನ್ನುವುದು.

ಈಗ ಥಿಯೇಟರ್ ವಿಷಯ. ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ.

ನಾವು ಚಿಕ್ಕವರಿದ್ದಾಗ ಊರಿನಿಂದ ಮದುವೆ ಜವಳಿಗೆ ಬರುವವರ ದಿನ ಹೇಗಿರುತ್ತಿತ್ತು ನೆನಪಿದೆಯಾ? ಬೆಳಿಗ್ಗೆ ರೈಲಿಗೋ ಬಸ್ಸಿಗೋ ಬಂದು ಮೆಜೆಸ್ಟಿಕ್‌ನಲ್ಲಿ ಇಳಿಯುವುದು. ನಡೆದೇ ಚಿಕ್ಕಪೇಟೆಗೆ ಹೋಗುವುದು. ಮಧ್ಯಾಹ್ನದ ಒಳಗೆ ಜವಳಿ ಮುಗಿಸಿ, ಹೋಟೆಲಿನಲ್ಲಿ ಊಟ ಮಾಡಿ, ಗಂಟುಗಳನ್ನು ಕಾಲ ಕೆಳಗೆ ಇಟ್ಟುಕೊಂಡು ಮ್ಯಾಟಿನಿ ನೋಡುವುದು. ಆಮೇಲೆ ರಾತ್ರಿ ಬಸ್ಸು. ಬಸ್ ನಿಲ್ದಾಣ, ಕೆಂಪೇಗೌಡ ರಸ್ತೆಯ ಥಿಯೇಟರ್‌ಗಳು, ಪೇಟೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡೇ ಬೆಳೆದವು. ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಆ ಕಡೆಗೆ ಎಲ್ಲರೂ ಹೇಳುವ ಮೆಜೆಸ್ಟಿಕ್ ಅನ್ನುವ ಹೆಸರು ಒಂದು ಥಿಯೇಟರಿನದು. ಆ ಥಿಯೇಟರ್ ಈಗ ಇಲ್ಲ, ಹೆಸರು ಮಾತ್ರ ಕಂಡಕ್ಟರ್ ಬಾಯಲ್ಲಿ ದಿನವಿಡೀ ಇದೆ.

ಕನ್ನಡ ಸಿನಿಮಾ ಮೊದಲು ಮಾತಾಡಿದ್ದೂ ಪೇಟೆಯ ಅಂಚಿನಲ್ಲೇ. 1934ರ ಮಾರ್ಚ್ 3ರಂದು ‘ಸತಿ ಸುಲೋಚನ’ ತೆರೆಕಂಡದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ. ಅದಕ್ಕೂ ಮುಂಚೆ ಜನ ನಾಟಕಕ್ಕೆ ಮುಗಿಬೀಳುತ್ತಿದ್ದರು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದ ಹುಡುಗ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ರಾಜ್‌ಕುಮಾರ್ ಅನ್ನಿಸಿಕೊಂಡರು. 1972ರಲ್ಲಿ ಅವರ ‘ಬಂಗಾರದ ಮನುಷ್ಯ’ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತು. ಆ ಸ್ಟೇಟ್ಸ್ ಆಮೇಲೆ ಭೂಮಿಕಾ ಆಯಿತು.

ಎರಡು ವರ್ಷ ಒಂದು ಸಿನಿಮಾ ಓಡಿತು ಅಂದರೆ ಏನು ಅಂತ ಯೋಚನೆ ಮಾಡು. ಸೈಕಲ್ ಸ್ಟ್ಯಾಂಡಿನವನಿಗೆ, ಕಡಲೆಕಾಯಿ ಮಾರುವವನಿಗೆ, ಎದುರಿನ ಹೋಟೆಲಿನ ಮಾಣಿಗೆ ಎರಡು ವರ್ಷದ ಅನ್ನ. ಕಟೌಟಿಗೆ ಬಣ್ಣ ಬಳಿಯುವ ಕಲಾವಿದರಿಗೆ ಕೆಲಸ. ಶುಕ್ರವಾರ ಹೊಸ ಸಿನಿಮಾ ಅಂದರೆ ಕಟೌಟಿಗೆ ಹಾಕುವ ಹಾರ ಮಾರ್ಕೆಟ್ಟಿನ ಹೂವಿನವರಿಂದಲೇ ಬರಬೇಕು. ಆಟ ಬಿಟ್ಟಾಗ ಜನ ಒಮ್ಮೆಗೇ ರಸ್ತೆಗೆ ಸುರಿಯುತ್ತಿದ್ದರು. ಅದರ ಲೆಕ್ಕ ಹಿಡಿದೇ ಅಂಗಡಿಯವರು ದೀಪ ಹಚ್ಚುತ್ತಿದ್ದರು, ಬಜ್ಜಿಯವನು ಬಾಣಲೆ ಇಡುತ್ತಿದ್ದ.

ಈಗ ಅಲಂಕಾರ್ ಥಿಯೇಟರ್ ಜಾಗದಲ್ಲಿ ಅಲಂಕಾರ್ ಪ್ಲಾಜಾ ಇದೆ. ಸಾಗರ್ ಇದ್ದ ಕಡೆ ದೊಡ್ಡ ಬಟ್ಟೆ ಅಂಗಡಿ ಬಂದಿದೆ. 1968ರಲ್ಲಿ ಶುರುವಾದ, ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರುತ್ತಿದ್ದ ಕಪಾಲಿಯನ್ನೂ ಕೆಡವಿದರು. ಕಾರಣ ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡ ಹಾಲ್ ದಿನಾ ತುಂಬುವುದಿಲ್ಲ, ಟಿಕೆಟ್ ದುಡ್ಡಿಗಿಂತ ಆ ನೆಲದ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಮಾಲೀಕರನ್ನು ನಾನು ದೂರುವುದಿಲ್ಲ. ಆದರೆ ನಷ್ಟ ಆಗಿರುವುದು ಅವರಿಗಲ್ಲ, ನಮಗೆ. ಪೇಟೆಯಲ್ಲಿ ಕೊಳ್ಳುವುದಕ್ಕೆ ಸಾವಿರ ಅಂಗಡಿ ಇವೆ, ಕೂರುವುದಕ್ಕೆ ಒಂದು ಕಲ್ಲುಬೆಂಚೂ ಇಲ್ಲ. ಕಮ್ಮಿ ದುಡ್ಡಿಗೆ ಮೂರು ಗಂಟೆ ತಣ್ಣಗೆ ಕೂರಲು ಸಿಗುತ್ತಿದ್ದ ಜಾಗ ಥಿಯೇಟರ್ ಒಂದೇ ಆಗಿತ್ತು. ಕೂಲಿಯವನೂ ಅಂಗಡಿ ಸಾಹುಕಾರನೂ ಒಂದೇ ಕತ್ತಲಲ್ಲಿ ಕೂತು ಒಂದೇ ಹಾಡಿಗೆ ಶಿಳ್ಳೆ ಹಾಕುತ್ತಿದ್ದರು. ಈಗ ಮಾಲ್‌ನ ಸಿನಿಮಾಗೆ ಹೋಗೋಕೆ ಆ ಹಮಾಲಿಗೆ ಆಗುತ್ತದಾ? ಅವನು ಫೋನಿನಲ್ಲಿ ಒಬ್ಬನೇ ನೋಡುತ್ತಾನೆ. ಊರಿನಿಂದ ಬಂದವರೂ ಸಾಮಾನು ಕೊಂಡ ತಕ್ಷಣ ಹೊರಟುಬಿಡುತ್ತಾರೆ. ಪೇಟೆಯ ಬೆಳಗು ಇನ್ನೂ ಹಾಗೇ ಇದೆ ಕಣೋ, ಸಂಜೆ ಮಾತ್ರ ಕಳೆದುಹೋಗಿದೆ.

ಬೇರೆ ಕೊರತೆಗಳನ್ನೂ ಮುಚ್ಚಿಡುವುದಿಲ್ಲ. ಹೆಂಗಸರಿಗೆ ಶುಚಿಯಾದ ಶೌಚಾಲಯ ಹುಡುಕುವುದು ಕಷ್ಟ. ಅದಕ್ಕೆ ಊಟಕ್ಕೆ ಒಳ್ಳೆಯ ಹೋಟೆಲ್ಲೇ ನೋಡಬೇಕು. ತಲೆ ಮೇಲೆ ವೈರುಗಳ ಜಾಲ, ಮಳೆ ಬಂದರೆ ಓಣಿ ತುಂಬ ನೀರು. ಬೆಂಕಿ ಬಿದ್ದರೆ ಗಾಡಿ ಒಳಗೆ ಬರುವಂತಿಲ್ಲದ ಓಣಿಗಳಿವೆ, ಅದು ನಿಜಕ್ಕೂ ಭಯದ ವಿಷಯ. 1905ರಲ್ಲಿ ಶಿವನಸಮುದ್ರದ ಕರೆಂಟು ಬಂದಾಗ ಬೆಂಗಳೂರಿನಲ್ಲಿ ಮೊದಲು ಬೀದಿದೀಪ ಹತ್ತಿದ್ದು ಮಾರ್ಕೆಟ್ ಹತ್ತಿರ. ಅಂಥ ಜಾಗಕ್ಕೆ ಇಷ್ಟು ಅಸಡ್ಡೆ ಸಲ್ಲದು.

ಆದರೆ ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ನೋಡಿದರೆ ಈ ದೂರುಗಳೆಲ್ಲ ಸ್ವಲ್ಪ ಹೊತ್ತು ಮರೆತುಹೋಗುತ್ತವೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟು, ಇದೇ ಓಣಿಗಳಲ್ಲಿ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಬೆಳಗಿನ ಜಾವದವರೆಗೆ ಯಾರಿಗೂ ನಿದ್ದೆ ಇಲ್ಲ. ಮದುವೆ ಮುಗಿದ ಮೇಲೆ ಮಗಳು ಅಳಿಯನನ್ನು ಕರಗಕ್ಕೆ ಕಳಿಸು. ನಮ್ಮನೆಯಲ್ಲೇ ಉಳಿದುಕೊಳ್ಳಲಿ.

ಈಗ ಕೆಲಸದ ಮಾತು. ಭಾನುವಾರ ಬರಬೇಡ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಮಂಗಳವಾರವೋ ಬುಧವಾರವೋ ಬಾ, ಜನ ಕಮ್ಮಿ. ಕಾರು ತರಲೇಬೇಡ, ನಿಲ್ಲಿಸೋಕೆ ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. 2017ರಿಂದ ಚಿಕ್ಕಪೇಟೆಗೇ ಮೆಟ್ರೋ ಇದೆ. ಹನ್ನೊಂದು ಗಂಟೆಗೆ ಸ್ಟೇಷನ್ ಬಾಗಿಲಲ್ಲಿ ನಾನೂ ನಮ್ಮನೆಯವಳೂ ಇರುತ್ತೇವೆ. ಯಾರಿಗೆ ಯಾವ ಸೀರೆ, ಎಷ್ಟರ ಒಳಗೆ ಅಂತ ಪಟ್ಟಿ ಮಾಡಿಕೊಂಡು ಬನ್ನಿ, ಇಲ್ಲದಿದ್ದರೆ ಗಾದಿಯ ಮೇಲೆ ಕೂತಾಗ ಲೆಕ್ಕ ತಪ್ಪುತ್ತದೆ. ಬೀಗರ ಕಡೆಯವರಿಗೆ ಕೊಡುವ ಸೀರೆಗಳನ್ನು ಒಂದೇ ಅಂಗಡಿಯಲ್ಲಿ ತೆಗೆದರೆ ರೇಟು ಇಳಿಸಿ ಕೊಡುತ್ತಾರೆ, ಆ ಮಾತು ನಮ್ಮನೆಯವಳಿಗೆ ಬಿಡು. ವೀಣೆ ಮರೆಯಬೇಡ, ರಿಪೇರಿಗೆ ಕೆಲವು ದಿನ ಬೇಕಾಗುತ್ತದೆ, ನಾನೇ ತಂದು ಮನೆಯಲ್ಲಿ ಇಟ್ಟಿರುತ್ತೇನೆ.

ಗಾಂಧಿನಗರದ ಗುಬ್ಬಿ ವೀರಣ್ಣ ರಂಗಮಂದಿರದಲ್ಲಿ ಅವತ್ತು ಸಂಜೆ ನಾಟಕ ಇದೆಯಾ ಅಂತ ವಿಚಾರಿಸುತ್ತೇನೆ. ಇದ್ದರೆ ಎಲ್ಲರಿಗೂ ಟಿಕೆಟ್ ತೆಗೆದಿಡುತ್ತೇನೆ. ಗಂಟುಗಳನ್ನು ಕಾಲ ಕೆಳಗೆ ಇಟ್ಟುಕೊಂಡು ನೋಡೋಣ. ರಾತ್ರಿ ಬಸ್ಸಿಗೆ ಬುಕ್ ಮಾಡಬೇಡ, ಊಟಕ್ಕೆ ಮನೆಗೇ ಬರಬೇಕು.

ಯಾವ ವಾರ ಅಂತ ಬೇಗ ತಿಳಿಸು. ಅತ್ತಿಗೆಗೆ ನಮಸ್ಕಾರ, ಮಗುವಿಗೆ ಆಶೀರ್ವಾದ.

ಇಂತಿ ನಿನ್ನ,
ಪೇಟೆಯ ಗೆಳೆಯ